ಪರದೆ ಕನ್ನಡ ಮಾತಾಡಿದ ದಿನ

ನಮ್ಮ ಮಹದೇವಪುರದಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಎದುರು ಮನೆಯಲ್ಲಿ ತಮಿಳು. ಆದರೂ ಕಲಿಕಾ ಕೇಂದ್ರಕ್ಕೆ ಬಂದು ಎಲ್ಲರೂ ಕನ್ನಡ ಅಕ್ಷರ ಕಲಿತಿದ್ದೇವೆ. ಮೊದಲು ತೆರೆ ಕಂಡ ಕನ್ನಡ ಮಾತಿನ ಸಿನಿಮಾ ಮಾಡಿದವರೂ ತೆಲುಗಿನವರೇ. ಯರಗುಡಿಪಾಟಿ ವರದರಾವ್ ಅಂತ ಹೆಸರು. ಜನ ವೈ.ವಿ. ರಾವ್ ಎಂದು ಕರೆದರು.

ರಾವ್ ಅವರು 1903ರಲ್ಲಿ ಹುಟ್ಟಿದರು. ಊರು ನೆಲ್ಲೂರು. ಮೊದಲು ಮೂಕಿ ಚಿತ್ರಗಳಲ್ಲಿ ಪಾತ್ರ ಮಾಡಿದರು. ಮೂಕಿ ಅಂದರೆ ಮಾತಿಲ್ಲದ ಸಿನಿಮಾ. ಪರದೆಯ ಮೇಲೆ ಬಾಯಿ ಆಡುತ್ತೆ, ಸದ್ದು ಬರಲ್ಲ. ನಡುನಡುವೆ ಬರೀ ಅಕ್ಷರ ಕಾಣುತ್ತೆ. ಓದು ಬಂದವರಿಗೆ ಕಥೆ ತಿಳಿಯುತ್ತೆ. ಬಾರದವರು ಪಕ್ಕದವರನ್ನು ಕೇಳಬೇಕು. ಕೆಲವು ಕಡೆ ಗಟ್ಟಿಯಾಗಿ ಓದಿ ಹೇಳೋಕೆ ಒಬ್ಬರನ್ನು ಇಡುತ್ತಿದ್ದರಂತೆ!

ಆಮೇಲೆ ರಾವ್ ನಿರ್ದೇಶಕರಾದರು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಅಳಬೇಕು, ಎಲ್ಲ ಹೇಳಿ ಮಾಡಿಸುವವರೇ ನಿರ್ದೇಶಕರು. ಗುಬ್ಬಿ ವೀರಣ್ಣನವರ ‘ಹರಿಮಾಯಾ’ ಎಂಬ ಮೂಕಿ ಚಿತ್ರವನ್ನು 1932ರಲ್ಲಿ ರಾವ್ ಅವರೇ ನಿರ್ದೇಶಿಸಿದರು.

ಅಷ್ಟು ಹೊತ್ತಿಗೆ ಮಾತಾಡುವ ಚಿತ್ರ ಬಂದಿತ್ತು. ಅದಕ್ಕೆ ‘ಟಾಕಿ’ ಎಂದರು. ಟಾಕೀಸು ಅನ್ನುವ ಮಾತು ಹುಟ್ಟಿದ್ದು ಹೀಗೆ. ಹಿಂದಿಯ ‘ಆಲಂ ಆರಾ’ 1931ರಲ್ಲೇ ಬಂತು. ಕನ್ನಡದಲ್ಲೂ ಒಂದಾಗಲಿ ಅಂತ ಚಮನ್‌ಲಾಲ್ ಡುಂಗಾಜಿ ಎಂಬ ಮಾರವಾಡಿ ವ್ಯಾಪಾರಿ ದುಡ್ಡು ಹಾಕಿದರು. ಸುಮಾರು 40 ಸಾವಿರ ರೂಪಾಯಿ. ಆಗ ಅದು ಸಣ್ಣ ದುಡ್ಡಲ್ಲ.

ಚಿತ್ರದ ಹೆಸರು ‘ಸತಿ ಸುಲೋಚನ’. ರಾವಣನ ಮಗ ಇಂದ್ರಜಿತ, ಅವನ ಹೆಂಡತಿ ಸುಲೋಚನೆ, ಅವರ ಕಥೆ. ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಸುಬ್ಬಯ್ಯ ನಾಯ್ಡು ಇಂದ್ರಜಿತ, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. ರಾವ್ ತಾವೇ ಲಕ್ಷ್ಮಣನಾದರು. ಚಿತ್ರ ತೆಗೆದದ್ದು ಕೊಲ್ಹಾಪುರದಲ್ಲಿ, ಸುಮಾರು ಎರಡು ತಿಂಗಳು. ಬೇರೆಯವರು ಹಾಡಿ, ಇವರು ಬಾಯಿ ಆಡಿಸುವ ಉಪಾಯ ಆಗ ಇರಲಿಲ್ಲ. ಪಾತ್ರಧಾರಿಯೇ ಹಾಡುತ್ತಾ ನಟಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ.

1934ನೇ ಇಸವಿ ಮಾರ್ಚ್ 3. ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರ ಪ್ಯಾರಾಮೌಂಟ್ ಟಾಕೀಸು. ಅಂದು ಪರದೆ ಕನ್ನಡ ಮಾತಾಡಿತು. ಓದು ಬಾರದವರೂ ಯಾರನ್ನೂ ಕೇಳದೆ ಕಥೆ ತಿಳಿದರು. ಚಿತ್ರ ಆರು ವಾರ ಓಡಿತು.

ಮುಂದೆ ರಾವ್ ತಮಿಳು, ತೆಲುಗಿನಲ್ಲೂ ಹೆಸರು ಮಾಡಿದರು. 1937ರ ತಮಿಳು ಚಿತ್ರ ‘ಚಿಂತಾಮಣಿ’ ಒಂದು ವರ್ಷ ಓಡಿತು. ‘ನಾ ನಿನ್ನ ಬಿಡಲಾರೆ’ ಚಿತ್ರದ ನಟಿ ಲಕ್ಷ್ಮಿ ಇವರ ಮಗಳು. ರಾವ್ 1973ರಲ್ಲಿ ತೀರಿಕೊಂಡರು.

‘ಸತಿ ಸುಲೋಚನ’ ನೋಡೋಣ ಅಂದರೆ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ಫಿಲ್ಮು ಬೇಗ ಬೆಂಕಿ ಹಿಡಿಯುತ್ತಿತ್ತು. ಪೆಟ್ಟಿಗೆಯಲ್ಲಿ ಇಟ್ಟಲ್ಲೇ ಕೆಟ್ಟುಹೋಗುತ್ತಿತ್ತು. ಜೋಪಾನ ಮಾಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ನೆನೆದರೆ ಹೊಟ್ಟೆ ಉರಿಯುತ್ತೆ. ಪ್ಯಾರಾಮೌಂಟ್ ಟಾಕೀಸೂ ಈಗಿಲ್ಲ. ಅಂದು ಕೇಳಿದ ದನಿ ಹೇಗಿತ್ತೋ, ನಮಗೆ ಕೇಳಿಸದು. ಉಳಿದಿರೋದು ಕೆಲವು ಫೋಟೊ, ಯಾರೋ ಬರೆದಿಟ್ಟ ನಾಲ್ಕು ಸಾಲು. ಅದನ್ನೇ ಓದಿ ನಿಮಗೆ ಹೇಳಿದೆವು.