ಹೊರಗಿನವರು ಕಂಡ ಇಸ್ಲಾಮಿನ ಉದಯ

ಒಂದು ಧರ್ಮದ ಹುಟ್ಟಿನ ಕಥೆಯನ್ನು ಅದರ ಅನುಯಾಯಿಗಳಿಂದ ಕೇಳುವುದು ವಾಡಿಕೆ. ಪ್ರವಾದಿ ಮಹಮ್ಮದರು ಕಾಲವಾದದ್ದು, ಸಂಪ್ರದಾಯದ ಪ್ರಕಾರ, ಕ್ರಿ.ಶ. 632ರಲ್ಲಿ. ಅವರ ಜೀವನವನ್ನು ವಿಸ್ತಾರವಾಗಿ ಬರೆದ ಇಬ್ನ್ ಇಸ್‌ಹಾಕ್ ಬಾಳಿದ್ದು ಎಂಟನೆಯ ಶತಮಾನದಲ್ಲಿ. ಅವನ ಬರಹವಾದರೂ ನಮಗೆ ಮುಖ್ಯವಾಗಿ ಲಭ್ಯವಾಗಿರುವುದು ಇಬ್ನ್ ಹಿಶಾಮನ ಪರಿಷ್ಕರಣದ ಮೂಲಕ. ಕುರಾನ್ ಅದಕ್ಕಿಂತ ಹಿಂದಿನದು ನಿಜ. ಆದರೆ ಅದು ಉಪದೇಶವೇ ಹೊರತು ಇತಿವೃತ್ತವಲ್ಲ. ಈ ನಡುವಣ ಕಾಲದಲ್ಲಿ ನೆರೆಯ ಜನ ಏನನ್ನು ಕಂಡರು?

ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಸಿರಿಯಾಕ್ ಭಾಷೆಯ ಸುವಾರ್ತೆಗಳ ಪ್ರಾಚೀನ ಹಸ್ತಪ್ರತಿಯೊಂದಿದೆ. ಅದರ ಆರಂಭದ ಬರಿಯ ಹಾಳೆಯ ಮೇಲೆ ಯಾರೋ ಕೆಲವು ಸಾಲುಗಳನ್ನು ಗೀಚಿದ್ದಾರೆ. ಮಸಿ ಮಾಸಿದೆ, ಸಾಲುಗಳು ಅಲ್ಲಲ್ಲಿ ಅಳಿಸಿಹೋಗಿವೆ. ಆದರೂ ಮಹಮ್ಮದ ಎಂಬ ಹೆಸರು, ಹಾಳಾದ ಹಳ್ಳಿಗಳು, 636ರ ಯರ್ಮೂಕ್ ಕದನವೆಂದು ವಿದ್ವಾಂಸರು ಗುರುತಿಸುವ ಗಬಿತಾ ಯುದ್ಧ, ಇವಿಷ್ಟೂ ಕಾಣುತ್ತವೆ. ಬರೆದವನು ಇತಿಹಾಸಕಾರನಲ್ಲ, ತನ್ನ ನಾಡಿನ ಸಂಕಟವನ್ನು ಕೈಗೆ ಸಿಕ್ಕ ಹಾಳೆಯ ಮೇಲೆ ಗುರುತುಹಾಕಿಕೊಂಡವನು.

ಸುಮಾರು 640ರಲ್ಲಿ ಬರೆದ ಪಾದ್ರಿ ಥಾಮಸನು ಇನ್ನೂ ನಿಖರ. 634ರ ಫೆಬ್ರವರಿ 4ರಂದು ಗಾಜಾಕ್ಕೆ ಪೂರ್ವದಲ್ಲಿ, ಹನ್ನೆರಡು ಮೈಲಿಯಾಚೆ, ರೋಮನರಿಗೂ ‘ಮಹಮ್ಮದನ ಅರಬರಿಗೂ’ ಯುದ್ಧವಾಯಿತೆಂದೂ, ಕ್ರೈಸ್ತರು, ಯೆಹೂದ್ಯರು, ಸಮಾರ್ಯರು ಸೇರಿ 4,000 ಬಡ ಹಳ್ಳಿಗರು ಹತರಾದರೆಂದೂ ಅವನು ಬರೆದಿದ್ದಾನೆ.

ಎಲ್ಲರ ದೃಷ್ಟಿಯೂ ಒಂದೇ ಅಲ್ಲ. 634ರಲ್ಲಿ ಕಾರ್ಥೇಜಿನಲ್ಲಿ ನಡೆಯಿತೆನ್ನಲಾದ ಸಂವಾದವನ್ನೊಳಗೊಂಡ ಗ್ರೀಕ್ ಗ್ರಂಥವೊಂದು, ಅರಬರಲ್ಲಿ ತಲೆದೋರಿದ ಪ್ರವಾದಿಯನ್ನು ಕತ್ತಿ ಹಿಡಿದು ಬಂದ ಹುಸಿ ಪ್ರವಾದಿಯೆಂದು ತಳ್ಳಿಹಾಕುತ್ತದೆ. ಆರ್ಮೇನಿಯದ ಸೆಬಿಯೋಸನದೆನ್ನಲಾದ, 660ರ ದಶಕದ ಆಸುಪಾಸಿನ ಇತಿಹಾಸವಾದರೋ ಅವರನ್ನು ವ್ಯಾಪಾರಿಯೆಂದು ಪರಿಚಯಿಸಿ, ಅಬ್ರಹಾಮನ ದೇವರನ್ನು ಬೋಧಿಸಿ ಮದ್ಯ, ಸುಳ್ಳು, ವ್ಯಭಿಚಾರಗಳನ್ನು ನಿಷೇಧಿಸಿದರೆಂದು ಹೇಳುತ್ತದೆ.

ಇಂಥ ಬರಹಗಳನ್ನೇ ಮುಖ್ಯ ಆಧಾರವಾಗಿರಿಸಿಕೊಂಡು ಪೆಟ್ರೀಶಿಯ ಕ್ರೋನ್ ಮತ್ತು ಮೈಕೇಲ್ ಕುಕ್ 1977ರಲ್ಲಿ ಇಸ್ಲಾಮಿನ ಆರಂಭವನ್ನು ಹೊಸದಾಗಿ ನಿರೂಪಿಸಲೆತ್ನಿಸಿದರು. ದೊಡ್ಡ ವಾದವೇ ಎದ್ದಿತು. ಸೋತವರ ಮಾತನ್ನು ಗೆದ್ದವರ ಧರ್ಮಕ್ಕೆ ಪ್ರಮಾಣವಾಗಿಸಬಹುದೇ? 1997ರಲ್ಲಿ ರಾಬರ್ಟ್ ಹಾಯ್ಲಂಡ್ ಈ ಸಾಕ್ಷ್ಯಗಳನ್ನು ಒಂದೆಡೆ ತಂದು ಒಂದೊಂದನ್ನೂ ಒರೆಗೆ ಹಚ್ಚಿದರು.

ಭಕ್ತನಿಗೆ ಭಕ್ತಿಯ ಒಲವು. ಪೆಟ್ಟು ತಿಂದವನಿಗೆ ನೋವಿನ ಒಲವು. ಹೊರಗಿನವನೆಂಬ ಮಾತ್ರಕ್ಕೆ ಯಾರೂ ನಿಷ್ಪಕ್ಷಪಾತಿಯಾಗುವುದಿಲ್ಲ. ಆದರೆ ಪರಸ್ಪರ ಒಪ್ಪದ ಸಾಕ್ಷಿಗಳು ಒಂದು ಸಂಗತಿಯಲ್ಲಿ ಒಪ್ಪಿದರೆ ಅದಕ್ಕೆ ತೂಕ ಬರುತ್ತದೆ. ಅರಬರ ನಡುವೆ ಒಬ್ಬ ಬೋಧಕನು ಎದ್ದಿದ್ದನೆಂಬುದನ್ನು, ಅವನನ್ನು ಹಳಿದವನೂ ಅಲ್ಲಗಳೆಯಲಿಲ್ಲ. ಗಾಜಾದ ಬಳಿ ಅಳಿದ ಬಡ ಹಳ್ಳಿಗರ ನೆನಪಾದರೋ ಉಳಿದದ್ದು ಅದೇ ಹೊರಗಿನವನ ಲೇಖನಿಯಿಂದ.