ಹೊಲದ ಮಾತು ಜಿನೀವಾಕ್ಕೆ ಮುಟ್ಟಿದ ಬಗೆ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ರಾಯಕೋಟೆ ಮಂಡಿಯಲ್ಲಿ ಟೊಮೆಟೊ ಕ್ರೇಟಿಗೆ ಎಷ್ಟು ಸಿಕ್ಕಿತು ಎಂಬುದು ತಳಿ, ಕೆಲಮಂಗಲ, ಡೆಂಕಣಿಕೋಟೆ ಸೀಮೆಯ ರೈತರಿಗೆ ಅಂದಂದೇ ಗೊತ್ತಾಗುತ್ತದೆ. ಬಿತ್ತನೆ ಬೀಜದ ಮೇಲೆ ಯಾರಿಗೆ ಹಕ್ಕು, ಹೊರದೇಶದ ಹಾಲಿನ ಪುಡಿಗೆ ಎಷ್ಟು ಸುಂಕ, ಸರ್ಕಾರ ರೈತನಿಗೆ ಎಷ್ಟರವರೆಗೆ ಸಬ್ಸಿಡಿ ಕೊಡಬಹುದು ಎಂಬ ತೀರ್ಮಾನಗಳು ಹಾಗಲ್ಲ. ಅವು ಜಿನೀವಾದಂಥ ಊರುಗಳಲ್ಲಿ ನೂರಾರು ಪುಟಗಳ ಒಪ್ಪಂದಗಳಾಗಿ ಹುಟ್ಟುತ್ತವೆ. ಅವುಗಳ ಪರಿಣಾಮ ಹೊಲಕ್ಕೆ ಬರಲು ವರ್ಷಗಳೇ ಬೇಕು. ಬಂದಾಗಲೂ ಕಾರಣ ಕಣ್ಣಿಗೆ ಕಾಣುವುದಿಲ್ಲ. ಜಾಗತಿಕ ಆರ್ಥಿಕ ನ್ಯಾಯಕ್ಕಾಗಿ ಹೋರಾಡುವ ಚಳವಳಿಗಳಿಗೆ ಪತ್ರಿಕೆ, ರೇಡಿಯೊ, ಕ್ಯಾಮೆರಾಗಳು ಅನಿವಾರ್ಯವಾದದ್ದು ಇದೇ ಕಾರಣಕ್ಕೆ: ಕಾಣದ ಒಪ್ಪಂದವನ್ನು ಕಾಣುವಂತೆ ಮಾಡುವುದೇ ಅವುಗಳ ಮೊದಲ ಕೆಲಸ.

ಈ ಕೆಲಸವನ್ನು ಜಗತ್ತಿನಲ್ಲಿ ಬಹಳ ಮುಂಚೆಯೇ, ಬಹಳ ಸಮರ್ಥವಾಗಿ ಮಾಡಿದವರಲ್ಲಿ ಕರ್ನಾಟಕ ರಾಜ್ಯ ರೈತ ಸಂಘವೂ ಒಂದು. 1980ರ ಜುಲೈನಲ್ಲಿ ನರಗುಂದ–ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಯ ವಿರುದ್ಧ ಎದ್ದು ನಿಂತರು, ಪೊಲೀಸರ ಗುಂಡಿಗೆ ಜೀವಗಳು ಹೋದವು. ಆ ಬೆಂಕಿಯಲ್ಲಿ ಹುಟ್ಟಿದ ಸಂಘಕ್ಕೆ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಾನೂನು ಪ್ರಾಧ್ಯಾಪಕ ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ನಾಯಕತ್ವ ಸಿಕ್ಕಿತು. ಆಗ ಟಿವಿ ಸರ್ಕಾರದ್ದು, ರೇಡಿಯೊ ಸರ್ಕಾರದ್ದು. ಸಂಘ ತನ್ನದೇ ಮಾಧ್ಯಮ ಕಟ್ಟಿಕೊಂಡಿತು. ಹೆಗಲ ಮೇಲಿನ ಹಸಿರು ಶಾಲು ಅದರ ಮೊದಲ ಪ್ರಕಟಣೆ. ಎರಡನೆಯದು ಊರಬಾಗಿಲ ಫಲಕ. ಅನುಮತಿಯಿಲ್ಲದೆ ಅಧಿಕಾರಿಗಳಿಗೆ ಪ್ರವೇಶವಿಲ್ಲ ಎಂದು ಸಾರುವ ಬೋರ್ಡುಗಳು 1980ರ ದಶಕದಲ್ಲಿ ಹಳ್ಳಿ ಹಳ್ಳಿಯಲ್ಲಿ ಎದ್ದವು. ಸಾಲ ವಸೂಲಿಗೆ ಜೀಪಿನಲ್ಲಿ ಬಂದು ಪಾತ್ರೆ-ಪಗಡೆ ಜಪ್ತಿ ಮಾಡುತ್ತಿದ್ದ ಕಾಲ ಅದು. ಒಂದು ಹಲಗೆ, ಒಂದು ಡಬ್ಬಿ ಬಣ್ಣದ ಖರ್ಚಿನಲ್ಲಿ ಸಂಘ ಹೇಳಿದ ಮಾತು ವಿಧಾನಸೌಧಕ್ಕೂ ಕೇಳಿಸಿತು.

1991ರ ಡಿಸೆಂಬರ್‌ನಲ್ಲಿ ಜಾಗತಿಕ ವ್ಯಾಪಾರದ ನಿಯಮ ರೂಪಿಸುತ್ತಿದ್ದ ‘ಗ್ಯಾಟ್’ ವ್ಯವಸ್ಥೆಯ ಮಹಾನಿರ್ದೇಶಕ ಆರ್ಥರ್ ಡಂಕೆಲ್ ಹೊಸ ವ್ಯಾಪಾರ ಒಪ್ಪಂದದ ಕರಡನ್ನು ಮುಂದಿಟ್ಟರು. ಕೃಷಿ ಸಬ್ಸಿಡಿ, ಬೀಜ, ಪೇಟೆಂಟ್ ಎಲ್ಲವೂ ಅದರೊಳಗಿದ್ದವು. ಇಂಗ್ಲಿಷಿನಲ್ಲಿದ್ದ, ವಕೀಲರಿಗೂ ಕಷ್ಟವಾಗುತ್ತಿದ್ದ ಆ ಕರಡನ್ನು ಸಂಘ ಅಧ್ಯಯನ ಶಿಬಿರಗಳಲ್ಲಿ, ಕರಪತ್ರಗಳಲ್ಲಿ, ದೇವಸ್ಥಾನದ ಜಗಲಿಯ ಸಭೆಗಳಲ್ಲಿ ಕನ್ನಡಕ್ಕಿಳಿಸಿತು. ‘ಡಂಕೆಲ್’ ಎಂಬ ಹೆಸರು ಹಳ್ಳಿಯ ಮಾತಿನಲ್ಲಿ ಬೈಗುಳವಾಗುವ ಮಟ್ಟಿಗೆ ಅದು ಜನರೊಳಗೆ ಇಳಿಯಿತು. ಒಪ್ಪಂದದ ತಿರುಳೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತ್ತು: ಈ ವರ್ಷದ ಫಸಲಿನಿಂದ ಎತ್ತಿಟ್ಟ ಬೀಜವನ್ನು ಮುಂದಿನ ವರ್ಷ ಬಿತ್ತಲು ರೈತ ಯಾರ ಅಪ್ಪಣೆ ಕೇಳಬೇಕು?

1992ರ ಡಿಸೆಂಬರ್ 29ರಂದು ರೈತರು ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ತಂದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟಿಸುತ್ತಿದ್ದ ಬೀಜ ಘಟಕವನ್ನು ಕೆಡವಿದರು. ಅಕ್ಟೋಬರ್‌ನಲ್ಲಿ, ಗಾಂಧಿ ಜಯಂತಿಯ ಹೊತ್ತಿಗೆ, ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹದ ಬೃಹತ್ ಸಮಾವೇಶ ನಡೆಯಿತು. ಬ್ರಿಗೇಡ್ ರಸ್ತೆಯಲ್ಲಿ 1995ರಲ್ಲಿ ತೆರೆದ ಕೆಂಟಕಿ ಫ್ರೈಡ್ ಚಿಕನ್ ಮಳಿಗೆಯ ಮೇಲೆ ರೈತರು ದಾಳಿ ಮಾಡಿದ್ದು 1996ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನ. ದಿನ, ಸ್ಥಳ, ಗುರಿ ಮೂರನ್ನೂ ಸಂಘ ತೂಗಿ ಆರಿಸುತ್ತಿತ್ತು. ಜೀವಕ್ಕೆ ನೋವು ಮಾಡುವುದು ಹಿಂಸೆ, ಗಾಜು–ಕಾಗದಕ್ಕೆ ಪೆಟ್ಟು ಬೀಳುವುದು ಹಿಂಸೆಯಲ್ಲ ಎಂಬುದು ನಂಜುಂಡಸ್ವಾಮಿ ಅವರ ವಾದ. ಗಾಂಧಿಯನ್ನು ಓದಿದ ಎಲ್ಲರೂ ಅದನ್ನು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಅವರು ಆ ವಾದವನ್ನು ಬಚ್ಚಿಡದೆ ಮುಂದಿಟ್ಟರು. ಬಂಧನಕ್ಕೂ ಮೊಕದ್ದಮೆಗೂ ಸಿದ್ಧರಾಗಿಯೇ ಮಾತಾಡಿದರು.

ಈ ಬಗೆಯ ಕೆಲಸದ ಪರಿಪೂರ್ಣ ಉದಾಹರಣೆ ರಾಯಚೂರಿನದು. 1998ರಲ್ಲಿ ಕುಲಾಂತರಿ ಬಿಟಿ ಹತ್ತಿಯ ಪ್ರಾಯೋಗಿಕ ಬೇಸಾಯ ದೇಶದ ಹಲವು ಕಡೆ ಸದ್ದಿಲ್ಲದೆ ನಡೆದಿತ್ತು. ಸುದ್ದಿ ಹೊರಬಿದ್ದಾಗ ಎಲ್ಲೆಲ್ಲಿ ಎಂಬ ಒತ್ತಾಯ ಹೆಚ್ಚಿತು. ರಾಜ್ಯದ ಕೃಷಿ ಸಚಿವರೇ ಕರ್ನಾಟಕದ ಹೊಲಗಳ ವಿವರ ಬಹಿರಂಗಪಡಿಸಿದರು. ಅದರ ಬೆನ್ನಿಗೇ ನಂಜುಂಡಸ್ವಾಮಿ ಜಗತ್ತಿನ ಗೆಳೆಯರಿಗೆಲ್ಲ ಇಮೇಲ್ ಪತ್ರ ಬರೆದರು: ನವೆಂಬರ್ 28ರಂದು ಹೊಲಗಳಿಗೆ ಹೋಗುತ್ತೇವೆ, ಗಿಡ ಕಿತ್ತು ಸುಡುತ್ತೇವೆ, ಮಾಧ್ಯಮದವರ ಎದುರಲ್ಲೇ ಸುಡುತ್ತೇವೆ, ಹೊಲದ ಒಡೆಯನಿಗಾದ ನಷ್ಟ ತುಂಬಿಕೊಡುತ್ತೇವೆ. ಬಿಟಿ ಹತ್ತಿಯ ಹಿಂದಿದ್ದ ಕಂಪನಿಯ ಹೆಸರಿನಲ್ಲೇ ಕಾರ್ಯಕ್ರಮಕ್ಕೆ ‘ಮಾನ್ಸಾಂಟೊ ದಹನ’ ಎಂದು ಹೆಸರಿಟ್ಟರು. ಹೇಳಿದ ದಿನ ಮಲದಕಲ್ ಗ್ರಾಮದ ಹೊಲದಲ್ಲಿ ಹೇಳಿದಂತೆಯೇ ನಡೆಯಿತು. ಮುಂದೆ ಸಿಂಧನೂರು ಭಾಗಕ್ಕೂ ಅದು ಹಬ್ಬಿತು.

ಆ ಪತ್ರವನ್ನು ಬಿಡಿಸಿ ನೋಡಿದರೆ ಅದರೊಳಗಿನ ಜಾಣ್ಮೆ ತಿಳಿಯುತ್ತದೆ. ಮುಂಚಿತವಾಗಿ ಹೇಳಿದ್ದರಿಂದ ಅದು ರಾತ್ರಿಯ ಕಳ್ಳತನವಾಗದೆ ಹಗಲಿನ ಸತ್ಯಾಗ್ರಹವಾಯಿತು. ವರದಿಗಾರರಿಗೆ ರಾಯಚೂರಿಗೆ ಬರಲು ಸಮಯ ಸಿಕ್ಕಿತು. ನಷ್ಟ ತುಂಬುವ ಮಾತಿನಿಂದ ಜಗಳ ರೈತ–ರೈತರ ನಡುವಿನದಲ್ಲ, ರೈತ–ಕಂಪನಿಯ ನಡುವಿನದು ಎಂಬುದು ಸ್ಪಷ್ಟವಾಯಿತು. ತನ್ನ ಹೊಲದಲ್ಲಿ ಬಿತ್ತಿದ್ದು ಏನೆಂದು ತನಗೇ ಹೇಳಿರಲಿಲ್ಲ ಎಂದ ಹೊಲದ ಒಡೆಯನ ಮಾತು ಯಾವ ಭಾಷಣಕ್ಕಿಂತಲೂ ಗಟ್ಟಿಯಾದ ಸಾಕ್ಷಿಯಾಯಿತು. ಜೀವದ ಮೇಲೆ ಪೇಟೆಂಟ್ ಬೇಡ ಎಂಬ ಘೋಷಣೆ ಒಂದೇ ಸಾಲಿನದು. ಯಾವ ಭಾಷೆಯ ಪತ್ರಿಕೆಯೂ ಅದನ್ನು ಹಾಗೆಯೇ ಎತ್ತಿಕೊಳ್ಳಬಹುದಿತ್ತು. ಜಾಹೀರಾತಿಗೆ ಹಣ ಸುರಿಯಬಲ್ಲ ಕಂಪನಿಯೊಂದಕ್ಕೆ ಎದುರಾಗಿ ಸಂಘದ ಕೈಯಲ್ಲಿದ್ದದ್ದು ಇಷ್ಟೇ: ದಿನಾಂಕ, ಸ್ಥಳ, ಬಾಯಿಬಿಟ್ಟು ಹೇಳಬಲ್ಲ ಒಬ್ಬ ರೈತ, ಒಂದು ಸಾಲು.

ಅದು ಜಾಗತಿಕವಾಗಲು ಜಾಲವೂ ಬೇಕಿತ್ತು. ಹಲವು ಖಂಡಗಳ ಚಳವಳಿಗಳು ಸೇರಿ ‘ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್’ ಎಂಬ ಒಕ್ಕೂಟವನ್ನು 1998ರ ಫೆಬ್ರುವರಿಯಲ್ಲಿ ಜಿನೀವಾದಲ್ಲಿ ಹುಟ್ಟುಹಾಕಿದಾಗ ರೈತ ಸಂಘ ಮುಂಚೂಣಿಯಲ್ಲಿತ್ತು. ಅದರ ಎರಡನೇ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲೇ, 1999ರ ಆಗಸ್ಟ್‌ನಲ್ಲಿ. ಅದಕ್ಕೂ ಮುನ್ನ, ಮೇ ಕೊನೆಯಿಂದ ಜೂನ್‌ವರೆಗೆ, ನೂರಾರು ಭಾರತೀಯ ರೈತರು ‘ಖಂಡಾಂತರ ಜಾಥಾ’ದಲ್ಲಿ ಯೂರೋಪು ಸುತ್ತಿದರು, ಕರ್ನಾಟಕದವರು ಅವರಲ್ಲಿ ಎದ್ದು ಕಾಣುತ್ತಿದ್ದರು. ಕಂಪನಿಗಳ ಕಚೇರಿ, ಗ್ಯಾಟ್‌ನ ಜಾಗಕ್ಕೆ ಬಂದಿದ್ದ ವಿಶ್ವ ವಾಣಿಜ್ಯ ಸಂಘಟನೆಯ ಬಾಗಿಲು, ಕೊನೆಗೆ ಜರ್ಮನಿಯ ಕಲೋನ್‌ನಲ್ಲಿ ಜಿ–8 ಶೃಂಗಸಭೆ. ಅಲ್ಲಿ ಘೋಷಣೆಯ ಬದಲು ನಗುವ ಮೆರವಣಿಗೆ ಹೊರಡಿಸುವ ಯೋಜನೆಯಿತ್ತು, ಪೊಲೀಸರು ತಡೆದರು. ಯೂರೋಪಿನ ಓದುಗರಿಗೆ ಅಂಕಿಸಂಖ್ಯೆಯಲ್ಲಿ ಮಾತ್ರ ಗೊತ್ತಿದ್ದ ಭಾರತದ ರೈತ, ತಲೆಗೆ ಪೇಟ ಕಟ್ಟಿ, ಹಸಿರು ಶಾಲು ಹೊದ್ದು ಅವರ ಊರಿನ ಬೀದಿಯಲ್ಲೇ ನಿಂತ. ಆರು ತಿಂಗಳೊಳಗೆ, ನವೆಂಬರ್ 30ರಂದು, ಸಿಯಾಟಲ್ ನಗರದಲ್ಲಿ ವಿಶ್ವ ವಾಣಿಜ್ಯ ಸಂಘಟನೆಯ ಸಭೆಯ ವಿರುದ್ಧ ದೊಡ್ಡ ಪ್ರತಿಭಟನೆ ನಡೆಯಿತು. ಅದಕ್ಕೆಂದೇ ‘ಇಂಡಿಮೀಡಿಯಾ’ ಎಂಬ ಸ್ವತಂತ್ರ ಸುದ್ದಿ ಜಾಲವೂ ಹುಟ್ಟಿತು. ಸಿಯಾಟಲ್‌ನಿಂದಲೇ ಎಲ್ಲ ಶುರುವಾಯಿತೆಂದು ಬರೆಯುವವರು ರಾಯಚೂರನ್ನು ಮರೆಯುವುದು ನ್ಯಾಯವಲ್ಲ.

ಕ್ಯಾಮೆರಾದ ಸ್ನೇಹಕ್ಕೆ ಬೆಲೆಯೂ ಇತ್ತು. ಒಡೆದ ಗಾಜು ಮುಖಪುಟಕ್ಕೆ ಬರುತ್ತಿತ್ತು, ಅದರ ಹಿಂದಿನ ವಾದ ಒಳಪುಟದಲ್ಲಿ ನಾಲ್ಕು ಸಾಲಾಗುತ್ತಿತ್ತು. ದೇಶಕ್ಕೆ ಕೋಳಿಮಾಂಸದ ಅಂಗಡಿ ನೆನಪುಳಿಯಿತು, ಕೃಷಿ ಸಬ್ಸಿಡಿಯ ಪ್ರಶ್ನೆ ಉಳಿಯಲಿಲ್ಲ. ಬಿಟಿ ಹತ್ತಿಗೆ 2002ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ರೈತರು ತಾವಾಗಿಯೇ ಅದನ್ನು ಬಿತ್ತಿದರು. 2004ರ ಫೆಬ್ರುವರಿಯಲ್ಲಿ ನಂಜುಂಡಸ್ವಾಮಿ ತೀರಿಕೊಂಡರು, ಸಂಘ ಬಣಗಳಾಗಿ ಒಡೆದಿತ್ತು. ಹಾಗೆಂದು ಪ್ರಚಾರವೆಲ್ಲ ವ್ಯರ್ಥವಾಯಿತೆನ್ನಲಾಗದು. ಬಿಟಿ ಬದನೆಯ ಸರದಿ ಬಂದಾಗ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಬಹಿರಂಗ ಅಹವಾಲು ನಡೆಸಬೇಕಾಯಿತು. ಬೆಂಗಳೂರಿನದು 2010ರ ಫೆಬ್ರುವರಿ 6ರಂದು. ಮೂರೇ ದಿನಗಳಲ್ಲಿ, 9ರಂದು, ತಡೆ ಘೋಷಣೆಯಾಯಿತು. 1998ರಲ್ಲಿ ಗುಟ್ಟಾಗಿ ನಡೆದದ್ದು ಹನ್ನೆರಡು ವರ್ಷದಲ್ಲಿ ಸಭಾಂಗಣಕ್ಕೆ ಬಂದಿತ್ತು.

ಇನ್ನೊಂದು ದಾರಿ ಸದ್ದಿಲ್ಲದ್ದು. ಕೃಷ್ಣಗಿರಿ ಗಡಿಗೆ ತಾಗಿದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ ‘ನಮ್ಮ ಧ್ವನಿ’ ಶುರುವಾಯಿತು. ವಾಯ್ಸಸ್, ಮೈರಾಡ ಸಂಸ್ಥೆಗಳ ಪ್ರಯತ್ನ, ಯುನೆಸ್ಕೊ ನೆರವು. ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಹಳ್ಳಿಗರಿಗೆ ಪ್ರಸಾರದ ಪರವಾನಗಿ ಇರಲಿಲ್ಲ. ಹಾಗಾಗಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಕ್ಯಾಸೆಟ್ ಹಾಕಿ ಕೇಳಿಸಿದರು, ಆಮೇಲೆ ಟಿವಿ ಕೇಬಲ್ ಮೂಲಕ ಧ್ವನಿಯನ್ನು ಮನೆಗಳಿಗೆ ಕಳಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಕೇಂದ್ರ ಅವಕಾಶ ಕೊಟ್ಟದ್ದು 2006ರ ನವೆಂಬರ್‌ನಲ್ಲಿ. ಅದರಡಿ ಈಗ ತೆಲಂಗಾಣದಲ್ಲಿರುವ ಪಸ್ತಾಪುರದ ಬಳಿ 2008ರಲ್ಲಿ ದಲಿತ ಮಹಿಳೆಯರ ‘ಸಂಘಂ ರೇಡಿಯೊ’ ಮಾತಾಡತೊಡಗಿತು. ಇಂಥ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬ ಕಟ್ಟುಪಾಡು ಮಾತ್ರ ಅವುಗಳ ನಾಲಿಗೆಯನ್ನು ಅರ್ಧ ಕಟ್ಟಿಹಾಕಿದೆ.

ಹೊಸೂರು ಸೀಮೆಗೆ ಇದೆಲ್ಲ ದೂರದ ಕಥೆಯಲ್ಲ. ಹೊಸೂರು, ಬಾಗಲೂರು, ಬೇರಿಕೆ, ತಳಿ ಭಾಗದ ಕನ್ನಡ ಮನೆಗಳು ಬೆಂಗಳೂರಿಗೆ ಹತ್ತಿರ, ಆದರೆ ಅವರ ಜಮೀನಿನ ತೀರ್ಮಾನ ಚೆನ್ನೈನಲ್ಲಿ. ಬೆಂಗಳೂರಿನ ಪತ್ರಿಕೆಗೆ ಅವರು ಹೊರರಾಜ್ಯದವರು, ಚೆನ್ನೈನ ಟಿವಿಗೆ ಕಟ್ಟಕಡೆಯ ಗಡಿಯವರು. ಕೊಚ್ಚಿಯಿಂದ ಬೆಂಗಳೂರಿಗೆ ಗೇಲ್ ಕಂಪನಿ ಹಾಕಹೊರಟ ಗ್ಯಾಸ್ ಪೈಪ್‌ಲೈನ್ ತಮಿಳುನಾಡಿನ ಏಳು ಜಿಲ್ಲೆಗಳ ಹೊಲಗಳನ್ನು ಸೀಳುವಂತಿತ್ತು, ಕೃಷ್ಣಗಿರಿ ಅವುಗಳಲ್ಲೊಂದು. ಏಳೂ ಜಿಲ್ಲೆಯ ರೈತರು ಒಟ್ಟಿಗೆ ದನಿಯೆತ್ತಿದ್ದರಿಂದ 2013ರಲ್ಲಿ ರಾಜ್ಯ ಸರ್ಕಾರ ಅಹವಾಲು ಕೇಳಿ, ಪೈಪನ್ನು ಹೆದ್ದಾರಿ ಬದಿಗೆ ಸರಿಸಿ ಎಂದಿತು. ನ್ಯಾಯಾಲಯಗಳು ಒಪ್ಪಲಿಲ್ಲ, 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕಂಪನಿಯ ಪರವಾಯಿತು. ಸರ್ಕಾರದ ನಿಲುವನ್ನು ಬದಲಿಸುವಷ್ಟು ಸುದ್ದಿಯಾದ ಪ್ರಶ್ನೆಯೂ ಕಾನೂನಿನ ಹೊಸ್ತಿಲಲ್ಲಿ ಸೋಲಬಹುದು. ಸುದ್ದಿ ಮಾಡುವವರ ಜೊತೆಗೆ ಕಾಗದಪತ್ರ ಕೂಡಿಸುವವರೂ ಮೊದಲ ದಿನದಿಂದಲೇ ಬೇಕು.

ಬೆಲೆ ಕುಸಿದಾಗ ಟೊಮೆಟೊ, ಮಾವು ರಸ್ತೆಗೆ ಸುರಿದ ಚಿತ್ರ ಈ ಭಾಗದಿಂದಲೂ ಪತ್ರಿಕೆಗಳಿಗೆ ಹೋಗುತ್ತದೆ. ಕನಿಕರ ಹುಟ್ಟಿಸುವ ಚಿತ್ರ ಅದು, ಕಾರಣ ಹೇಳುವುದಿಲ್ಲ. ಬೆಳೆಯ ಖರ್ಚೆಷ್ಟು, ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆ ಕೊಟ್ಟ ದರವೆಷ್ಟು, ಅದೇ ತಿರುಳು ರಫ್ತಾದ ಬೆಲೆಯೆಷ್ಟು ಎಂಬ ಮೂರು ಅಂಕಿ ಜೊತೆಗಿದ್ದರೆ ಅದೇ ಚಿತ್ರ ಪ್ರಶ್ನೆಯಾಗುತ್ತದೆ. 2019ರಲ್ಲಿ ಏಷ್ಯಾ–ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರದ ಆರ್‌ಸಿಇಪಿ ಒಪ್ಪಂದದ ಹೊತ್ತಿಗೆ ಹಾಲು ಉತ್ಪಾದಕರು ಮಾಡಿದ್ದು ಹೀಗೆಯೇ. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಡೇರಿಗೆ ಹಾಲು ಹಾಕುವ ಹೆಂಗಸಿನ ಬಟವಾಡೆ ಏನಾಗುತ್ತದೆ ಎಂಬ ಲೆಕ್ಕವನ್ನು ಅವರು ಜನರ ಮುಂದಿಟ್ಟರು. ಆ ವರ್ಷದ ನವೆಂಬರ್ 4ರಂದು ಭಾರತ ಒಪ್ಪಂದಕ್ಕೆ ಸೇರುವುದಿಲ್ಲ ಎಂದಿತು. ಮರುವರ್ಷ ಕೇಂದ್ರದ ಕೃಷಿ ಕಾಯ್ದೆಗಳ ವಿರುದ್ಧ ದೆಹಲಿ ಗಡಿಯಲ್ಲಿ ಕುಳಿತ ರೈತರು ‘ಟ್ರಾಲಿ ಟೈಮ್ಸ್’ ಎಂಬ ತಮ್ಮದೇ ಪತ್ರಿಕೆಯನ್ನು ಪಂಜಾಬಿ, ಹಿಂದಿಯಲ್ಲಿ ಹೊರತಂದರು. ಗಡಿಸೀಮೆಯಲ್ಲಿ ಅಂಥ ಕೆಲಸಕ್ಕೆ ಕನ್ನಡ, ತಮಿಳು, ತೆಲುಗು ಮೂರೂ ಬೇಕು. ಹೇಳಿಕೆ ಒಂದೇ ದಿನ ಮೂರು ಭಾಷೆಯಲ್ಲೂ, ಹೆಸರು ಹೇಳಿ ಮಾತಾಡಲು ಒಪ್ಪಿದ ರೈತರ ಮಾತಿನೊಂದಿಗೆ ಹೊರಟರೆ, ಕೃಷ್ಣಗಿರಿ ಜಿಲ್ಲಾಧಿಕಾರಿ ಕಚೇರಿಯೂ ಬೆಂಗಳೂರಿನ ಸುದ್ದಿಮನೆಯೂ ಅದನ್ನು ಒಟ್ಟಿಗೆ ಓದುತ್ತವೆ.