ನಾಳೆ ಸಮ್ಮೇಳನ, ಇವತ್ತು ಮೈಸೂರು

ನಾಳೆ ಬೆಳಗ್ಗೆ ರೇಡಿಯೋ ನಿರ್ಮಾಪಕರ ಸಮ್ಮೇಳನ. ಇವತ್ತು ಇಡೀ ದಿನ ಬಿಡುವು. ಊರು ಬೇರೆ ಮೈಸೂರು! ರೂಮಲ್ಲಿ ಕೂತ್ರೆ ಅನ್ಯಾಯ.

ಯಾದವಗಿರಿಗೆ ಹೋಗಿ. ಈಗಿನ ಆಕಾಶವಾಣಿ ಕೇಂದ್ರ ಇರೋದು ಅಲ್ಲೇ. ಅದಕ್ಕೆ ಕೂಗಳತೆಯಲ್ಲಿದ್ದ ಮನೆ ‘ವಿಠ್ಠಲ ವಿಹಾರ’. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಆ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು. ಸರ್ಕಾರದ್ದಲ್ಲ, ಸ್ವಂತದ್ದು! ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್. ನಿಮ್ಮನೆ ಹಳೇ ಸೀಲಿಂಗ್ ಫ್ಯಾನ್ ಅದಕ್ಕಿಂತ ಜಾಸ್ತಿ ಕರೆಂಟ್ ತಿನ್ನುತ್ತೆ. ಆ ಪುಟ್ಟ ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯ್ತು. ಒಬ್ಬ ಮೇಷ್ಟ್ರ ಹುಚ್ಚು ಎಲ್ಲಿಗೆ ಮುಟ್ಟಿತು ನೋಡಿ!

ಅರಮನೆ? ಭಾನುವಾರವಾದ್ರೆ ಸಂಜೆ ದೀಪ ಹತ್ತುತ್ತೆ, ಸೊಗಸು. ಆದ್ರೆ ಬೆಳಕಿಗೆ ಸದ್ದಿಲ್ಲವಲ್ಲ! ಪೊಲೀಸ್ ಬ್ಯಾಂಡ್ ನುಡಿಸಿದ್ರೆ ನಮ್ಮ ಪುಣ್ಯ.

ನಮ್ಮಂಥೋರಿಗೆ ನಿಜವಾದ ಹಬ್ಬ ದೇವರಾಜ ಮಾರ್ಕೆಟ್. ಬೆಳಗ್ಗೆ ಬೇಗ ಹೋಗಿ, ಹೂವಿನ ಸಾಲಲ್ಲಿ ಸುಮ್ಮನೆ ನಿಂತ್ಕೊಳ್ಳಿ. ಮಾರು ಹಾಕಿ ಮಲ್ಲಿಗೆ ಅಳೆಯೋರ ಕೂಗು, ಬಾಳೆಗೊನೆ ಇಳಿಸೋ ಸದ್ದು, ಚೌಕಾಸಿ, ಮಧ್ಯೆ ಯಾರದೋ ಮೊಬೈಲ್‌ನಲ್ಲಿ ಹಳೇ ಹಾಡು. ಸ್ಟುಡಿಯೋದಲ್ಲಿ ಇದನ್ನ ಹುಟ್ಟಿಸೋಕೆ ಆಗಲ್ಲ.

ಒಂದು ಮಾತು: ರೆಕಾರ್ಡರ್ ಆನ್ ಮಾಡೋ ಮುಂಚೆ ಅಂಗಡಿಯವರನ್ನ ಕೇಳಿ. ಬೆಳಗಿನ ವ್ಯಾಪಾರದ ಹೊತ್ತು, ಅಡ್ಡ ನಿಲ್ಲಬೇಡಿ. ಹಾಗೇ ಒಂದು ಮಾರು ಹೂವೂ ಕೊಂಡ್ಕೊಳ್ಳಿ.